ಪಿಕಪ್ ಟ್ರಕ್ಕಿನ ಮೊರೆತ: ಹೊಗೆಯನ್ನು ತಡೆಯದೆ ಸದ್ದನ್ನು ಹಿಡಿಯುವುದು ಹೇಗೆ?

ಅಮೆರಿಕದಲ್ಲಿ ಪಿಕಪ್ ಟ್ರಕ್ ಕೊಂಡ ಎಷ್ಟೋ ಜನ ಮೊದಲು ಕೈ ಹಾಕುವುದು ಸೈಲೆನ್ಸರಿಗೆ. ಕಂಪನಿಯಿಂದ ಬಂದದ್ದು ತೀರಾ ಸಪ್ಪೆ ಅನ್ನಿಸುತ್ತದೆ. ಬಾನೆಟ್ಟಿನ ಕೆಳಗೆ ಎಂಟು ಸಿಲಿಂಡರಿನ ವಿ8 ಎಂಜಿನ್ ಇದ್ದೂ ಸದ್ದೇ ಇಲ್ಲ ಅಂದ್ರೆ ಹೇಗೆ? ಸರಿ, ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಿಂದ ಹಿಂದಕ್ಕಿರುವ ಪೈಪು, ಸೈಲೆನ್ಸರ್ ಎಲ್ಲ ಬಿಚ್ಚಿಸಿ ದಪ್ಪ ಪೈಪಿನ ‘ಕ್ಯಾಟ್-ಬ್ಯಾಕ್’ ಸೆಟ್ ಹಾಕಿಸುತ್ತಾರೆ. (ಕನ್ವರ್ಟರನ್ನೇ ಕಿತ್ತುಹಾಕಿದರೆ ಅಲ್ಲಿನ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ಅಪರಾಧ. ಅದರ ಸುದ್ದಿ ಇಲ್ಲಿ ಬೇಡ.)

ಊರೊಳಗೆ ಗುಡುಗು ಚೆನ್ನಾಗಿಯೇ ಇರುತ್ತದೆ. ಸಿಗ್ನಲ್ ಬಿಟ್ಟಾಗ ಖುಷಿಯಾಗುತ್ತದೆ. ಫ್ರೀವೇ ಹತ್ತಿ ಗಂಟೆಗೆ 70 ಮೈಲಿಗೆ ಕ್ರೂಸ್ ಹಾಕಿದ ಮೇಲೆ ಶುರು ನೋಡಿ. ಒಂದೇ ಶ್ರುತಿಯ ಮೊರೆತ. ಹೊರಗೆ ನಿಂತವರಿಗೆ ಅದು ಅಷ್ಟಾಗಿ ಕೇಳಿಸುವುದೂ ಇಲ್ಲ. ಒಳಗೆ ಕೂತವರಿಗೆ ಮಾತ್ರ ಕಿವಿಯೊಳಗೆ ಒತ್ತಿ ಹಿಡಿದ ಹಾಗೆ. ಅಲ್ಲಿನವರು ಇದಕ್ಕೆ ಡ್ರೋನ್ ಅಂತಾರೆ. ಟೆಕ್ಸಾಸಿನಲ್ಲಿರುವ ಕನ್ನಡದವರಲ್ಲೂ ಪಿಕಪ್ ಇಟ್ಟುಕೊಂಡವರಿದ್ದಾರೆ. ಡಲ್ಲಾಸಿನಿಂದ ಹ್ಯೂಸ್ಟನ್‌ವರೆಗೆ ಮನೆಮಂದಿಯನ್ನು ಕೂರಿಸಿಕೊಂಡು ಒಮ್ಮೆ ಹೋಗಿಬಂದರೆ ಸಾಕು, ಹಳೇ ಸೈಲೆನ್ಸರನ್ನೇ ವಾಪಸ್ ಹಾಕಿಸಿ ಅನ್ನುವ ಆಜ್ಞೆ ಮನೆಯೊಳಗಿಂದಲೇ ಬರುತ್ತದೆ.

ಸಾಮಾನ್ಯವಾಗಿ ಸಿಗುವ ಸಲಹೆ ಎರಡು. ಇನ್ನೊಂದು ಸೈಲೆನ್ಸರ್ ಸೇರಿಸಿ, ಇಲ್ಲವೇ ಒಳಗೆ ತಡೆಗಳಿರುವ ಸೈಲೆನ್ಸರ್ ಹಾಕಿಸಿ. ಎರಡರಲ್ಲೂ ಹೊಗೆಯ ದಾರಿಗೆ ಅಡ್ಡಿ ಜಾಸ್ತಿ. ಹಾಗಾದರೆ ಮೊರೆತ ಬೇಡವಾದರೆ ಎಂಜಿನ್ನಿನ ಉಸಿರು ಕಟ್ಟಲೇಬೇಕಾ? ಬೇಕಿಲ್ಲ. ಪೈಪಿನೊಳಗೆ ಹೊಗೆ ಹೋಗುವುದು ಬೇರೆ, ಸದ್ದು ಹೋಗುವುದು ಬೇರೆ. ಮುಂದಿನದೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಎರಡು ಬೇರೆ ಓಟ

ಉದಾಹರಣೆಗೆ ಶೆವ್ರೊಲೆ ಸಿಲ್ವರಾಡೋ ತೆಗೆದುಕೊಳ್ಳೋಣ. 5.3 ಲೀಟರಿನ ವಿ8, 355 ಅಶ್ವಶಕ್ತಿ. ಸಮತಟ್ಟು ರಸ್ತೆಯಲ್ಲಿ 70 ಮೈಲಿ ವೇಗ ಕಾಪಾಡಲು ಈ ಎಂಜಿನ್ ಕೊಡಬೇಕಾದ ಶಕ್ತಿ ಬಹಳ ಕಡಿಮೆ. ಮೂವತ್ತು ನಲವತ್ತು ಅಶ್ವಶಕ್ತಿಯ ಆಸುಪಾಸು. ಹಾಗಾಗಿ ಬರುವ ಹೊಗೆಯೂ ಕಡಿಮೆ. ಮೂರು ಇಂಚಿನ ಪೈಪಿನಲ್ಲಿ ಅದು ಸೆಕೆಂಡಿಗೆ ಹತ್ತು ಮೀಟರಿನ ಆಸುಪಾಸಿನಲ್ಲಿ ನಿಧಾನವಾಗಿ ಸಾಗುತ್ತಿರುತ್ತದೆ. ಅದೇ ಪೈಪಿನಲ್ಲಿ, ಅದೇ ಬಿಸಿ ಹೊಗೆಯೊಳಗೆ, ಸದ್ದಿನ ಅಲೆ ಓಡುವುದು ಸೆಕೆಂಡಿಗೆ ಸುಮಾರು 480 ಮೀಟರ್ ವೇಗದಲ್ಲಿ. (ಹೊಗೆ 300 ಡಿಗ್ರಿ ಸೆಲ್ಸಿಯಸ್ ಇದ್ದರೆ ಇಷ್ಟು. 20 ಡಿಗ್ರಿಯ ಗಾಳಿಯಲ್ಲಾದರೆ 343 ಮೀಟರ್.) ಹೊಗೆ ಒಂದೇ ದಿಕ್ಕಿಗೆ ಹೋಗುತ್ತದೆ. ಅಲೆ ಮುಂದಕ್ಕೂ ಹೋಗುತ್ತದೆ, ಬಡಿದು ಹಿಂದಕ್ಕೂ ಬರುತ್ತದೆ.

ಪೈಪಿನ ಅಡ್ಡಿಯಿಂದ ಹುಟ್ಟುವ ಒತ್ತಡ ಹೊಗೆಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹೊಗೆ ಹತ್ತರಲ್ಲೊಂದು ಪಾಲಾದರೆ ಅಡ್ಡಿಯ ಒತ್ತಡ ಹೆಚ್ಚುಕಮ್ಮಿ ನೂರರಲ್ಲೊಂದು ಪಾಲು. ಅಂದರೆ ಪೈಪು ಸಲೀಸಾಗಿರಬೇಕಾದದ್ದು ಆಕ್ಸಿಲರೇಟರ್ ಪೂರ್ತಿ ತುಳಿದಾಗ, ಟ್ರೇಲರ್ ಎಳೆದುಕೊಂಡು ದಿಬ್ಬ ಹತ್ತುವಾಗ. ಮೊರೆತ ಕಾಡುವುದು ಆರಾಮಾಗಿ ಓಡಿಸುತ್ತಿರುವಾಗ. ಎರಡೂ ಒಂದೇ ಹೊತ್ತಿಗೆ ಬರುವುದೇ ಅಪರೂಪ.

ಯಾವ ಶ್ರುತಿ ಅಂತ ಮೊದಲು ತಿಳಿಯಬೇಕು

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಫೈರ್ ಆಗುತ್ತದೆ. ಎಂಟು ಸಿಲಿಂಡರ್ ಇದ್ದರೆ ಸುತ್ತಿಗೆ ನಾಲ್ಕು ಸಲ. ಹೆದ್ದಾರಿಯಲ್ಲಿ ಎಂಜಿನ್ 1,800 ಆರ್‌ಪಿಎಂನಲ್ಲಿದೆ ಅನ್ನಿ. ಅಂದರೆ ನಿಮಿಷಕ್ಕೆ 1,800 ಸುತ್ತು. ಅರವತ್ತರಿಂದ ಭಾಗಿಸಿ, ಸೆಕೆಂಡಿಗೆ 30 ಸುತ್ತು. ನಾಲ್ಕರಿಂದ ಗುಣಿಸಿ, 120. ಆಯಿತು, ನಿಮ್ಮ ಮೊರೆತ 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಕಂಪನ. ಇದೇ ಲೆಕ್ಕದಲ್ಲಿ ವಿ6 ಆದರೆ 90, ನಾಲ್ಕು ಸಿಲಿಂಡರ್ ಆದರೆ 60.

ಫೈರಿಂಗ್ ಎಲ್ಲ ಆರ್‌ಪಿಎಂನಲ್ಲೂ ಇರುತ್ತದೆ. ಹಾಗಾದರೆ ಮೊರೆತ ಯಾಕೆ ಒಂದು ಕಡೆ ಮಾತ್ರ? ಆ ಶ್ರುತಿಗೆ ಇನ್ಯಾವುದೋ ದನಿಗೂಡಿಸುತ್ತದೆ, ಅದಕ್ಕೆ. ಸೈಲೆನ್ಸರಿನಿಂದ ಹಿಂದಕ್ಕೆ ಹೋಗುವ ಟೈಲ್‌ಪೈಪ್ ಎರಡು ಮೀಟರ್ ಇದ್ದರೆ ಅದರ ಸ್ವಂತ ಶ್ರುತಿ 110 ಹರ್ಟ್ಸ್ ಹತ್ತಿರ ಬೀಳುತ್ತದೆ. ಇನ್ನು ಕ್ಯಾಬಿನ್. ಒಳಗಿನ ಅಗಲ ಒಂದೂವರೆ ಮೀಟರ್ ಇದ್ದರೆ ಅಡ್ಡಕ್ಕೆ ಸುಮಾರು 114 ಹರ್ಟ್ಸ್. ಉದ್ದ ಎರಡು ಮೀಟರ್ ಚಿಲ್ಲರೆ ಇದ್ದರೆ 78ರ ಸುತ್ತಮುತ್ತ. ಇಂಥ ಅಲೆಗಳ ಒತ್ತಡ ಗೋಡೆಯ ಪಕ್ಕದಲ್ಲೇ ಜಾಸ್ತಿ ಇರುತ್ತದೆ. ಹಿಂದಿನ ಗೋಡೆಗೆ ತಲೆ ತಾಗಿಸಿ ಕೂತ ಮಕ್ಕಳು ಮೊದಲು ಗೊಣಗುವುದು ಸುಮ್ನೆ ಅಲ್ಲ.

ಲೆಕ್ಕವನ್ನು ಫೋನಿನಲ್ಲಿ ತಾಳೆ ನೋಡಬಹುದು. ಸದ್ದಿನ ಸ್ಪೆಕ್ಟ್ರಮ್ ತೋರಿಸುವ ಆ್ಯಪ್‌ಗಳು ಬೇಕಾದಷ್ಟಿವೆ. ಪಕ್ಕದ ಸೀಟಿನವರ ಕೈಗೆ ಫೋನ್ ಕೊಟ್ಟು, ಮೊರೆತ ಜೋರಾಗಿರುವಾಗ ಯಾವ ಹರ್ಟ್ಸ್‌ನಲ್ಲಿ ಗೆರೆ ಎದ್ದಿದೆ ಅಂತ ನೋಡಿಸಿ. ಆದರೆ ಮಾಮೂಲಿ ಡೆಸಿಬೆಲ್ ಮೀಟರನ್ನು ನಂಬಬೇಡಿ. ಅವು ತೋರಿಸುವ ಡಿಬಿಎ ಲೆಕ್ಕದಲ್ಲಿ ತಗ್ಗು ಶ್ರುತಿಗಳನ್ನು ಬೇಕೆಂದೇ ಕಳೆದಿರುತ್ತಾರೆ. 125 ಹರ್ಟ್ಸ್‌ಗೆ 16 ಡೆಸಿಬೆಲ್, 63 ಹರ್ಟ್ಸ್‌ಗೆ 26 ಡೆಸಿಬೆಲ್ ವಜಾ. ‘ನಮ್ಮ ಸೆಟ್ ಒಳಗೆ ಇಷ್ಟೇ ಡಿಬಿಎ’ ಅನ್ನುವ ಜಾಹೀರಾತಿನಲ್ಲಿ ಸುಳ್ಳೇನೂ ಇರಲಿಕ್ಕಿಲ್ಲ. ಮೊರೆತದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ಅಷ್ಟೇ.

ಇಷ್ಟಕ್ಕೂ ಅದು ಸೈಲೆನ್ಸರಿನ ಸದ್ದೇ ಅಂತ ಖಾತ್ರಿ ಮಾಡಿಕೊಳ್ಳಿ. ವೇಗ ಬದಲಿಸದೆ ಒಂದು ಗೇರ್ ಇಳಿಸಿ. ಮೊರೆತ ಹೋಯಿತು ಅಥವಾ ಶ್ರುತಿ ಬದಲಾಯಿತು ಅಂದರೆ ಎಂಜಿನ್ ಕಡೆಯದು. ಹಾಗೇ ಉಳಿಯಿತು ಅಂದರೆ ಟೈರು, ಬೇರಿಂಗ್ ಅಥವಾ ಪ್ರೊಪೆಲ್ಲರ್ ಶಾಫ್ಟ್ ನೋಡಿಸಬೇಕು. ಟೈರಿನ ಸದ್ದಿಗೆ ಪೈಪು ಕತ್ತರಿಸಿ ಪ್ರಯೋಜನವಿಲ್ಲ.

ನೇರ ಸೈಲೆನ್ಸರ್ ಯಾಕೆ ಸೋಲುತ್ತದೆ

ಹೊಗೆ ಸಲೀಸಾಗಿ ಹೋಗಲಿ ಅಂತ ಮಾಡಿದ ಸೈಲೆನ್ಸರಿನಲ್ಲಿ ಒಳಗೆ ತೂತುತೂತಿನ ನೇರ ಕೊಳವೆ, ಅದರ ಸುತ್ತ ಗ್ಲಾಸ್ ಫೈಬರ್ ಅಥವಾ ಉಕ್ಕಿನ ನಾರು ತುಂಬಿರುತ್ತದೆ. ಅಲೆ ನಾರಿನೊಳಗೆ ನುಗ್ಗಿ, ಉಜ್ಜಿ, ಬಿಸಿಯಾಗಿ ಕರಗುತ್ತದೆ. ಕೀರಲು ಸದ್ದಿಗೆ ಇದು ಒಳ್ಳೆಯ ಉಪಾಯ. 1,000 ಹರ್ಟ್ಸ್ ಅಲೆಯ ಉದ್ದ ಆ ಬಿಸಿ ಹೊಗೆಯಲ್ಲಿ ಅರ್ಧ ಮೀಟರಿಗಿಂತ ಕಡಿಮೆ. 120 ಹರ್ಟ್ಸ್ ಅಲೆ ನಾಲ್ಕು ಮೀಟರ್ ಉದ್ದ. ಮೂರು ನಾಲ್ಕು ಸೆಂಟಿಮೀಟರ್ ದಪ್ಪದ ನಾರು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಅಂಗಡಿಯಲ್ಲಿ ರೆಸೊನೇಟರ್ ಅಂತ ಮಾರುವ ಉದ್ದನೆಯ ಸಣ್ಣ ಡಬ್ಬಿಗಳಲ್ಲಿ ಬಹುಪಾಲು ಇದೇ ನಾರಿನ ಜಾತಿಯವು. ಒರಟು ಕೆರೆತ ಕಡಿಮೆಯಾಗುತ್ತದೆ, ಮೊರೆತ ಅಲ್ಲೇ ಇರುತ್ತದೆ. ಕೆರೆತ ಹೋದದ್ದರಿಂದ ಮೊರೆತ ಇನ್ನೂ ಎದ್ದು ಕೇಳಿಸುವುದೂ ಉಂಟು. ಕ್ಯಾಬಿನ್ನಿಗೆ ಅಂಟಿಸುವ ಫೋಮಿನ ಕಥೆಯೂ ಅಷ್ಟೆ. ತೂಕದ ಬ್ಯುಟೈಲ್ ರಬ್ಬರ್ ಹಾಳೆ ಅಂಟಿಸಿದರೆ ಹಿಂದಿನ ತಗಡು ನಡುಗುವುದು ಸ್ವಲ್ಪ ನಿಲ್ಲುತ್ತದೆ, ನಿಜ. ಆದರೆ ಮೊದಲ ಖರ್ಚು ಅದಕ್ಕೆ ಮಾಡಬೇಡಿ.

ಹೊರದಾರಿಯಿಲ್ಲದ ಕೊಳವೆ

ಈಗ ಮುಖ್ಯ ಮಾತಿಗೆ ಬರೋಣ. ಮುಖ್ಯ ಪೈಪಿನ ಮೈಗೆ ಒಂದು ತೂತು ಕೊರೆದು, ಅಲ್ಲಿಂದ ಇನ್ನೊಂದು ಪೈಪನ್ನು ಕವಲಾಗಿ ಬೆಸೆಯಿರಿ. ಅದರ ಇನ್ನೊಂದು ತುದಿ ಪೂರ್ತಿ ಮುಚ್ಚಿರಲಿ. ಹೊಗೆಗೆ ಅಲ್ಲಿಂದ ಹೊರದಾರಿ ಇಲ್ಲ, ಹಾಗಾಗಿ ಅದು ತನ್ನ ಪಾಡಿಗೆ ನೇರ ಹೋಗುತ್ತದೆ. ಸದ್ದಿನ ಅಲೆ ಮಾತ್ರ ಕವಲಿನೊಳಗೆ ಹೋಗಿ, ಮುಚ್ಚಿದ ತುದಿಗೆ ಬಡಿದು ವಾಪಸ್ ಬರುತ್ತದೆ. ಕವಲಿನ ಉದ್ದ ಅಲೆಯ ಉದ್ದದ ಕಾಲು ಭಾಗ ಇದ್ದರೆ, ಹೋಗಿ ಬರುವಷ್ಟರಲ್ಲಿ ಅದು ಅರ್ಧ ಅಲೆಯಷ್ಟು ತಡವಾಗಿರುತ್ತದೆ. ಮುಖ್ಯ ಪೈಪಿನಲ್ಲಿ ಒತ್ತಡ ಏರುವ ಹೊತ್ತಿಗೆ ಕವಲಿನಿಂದ ಬಂದ ಅಲೆ ಇಳಿಯುತ್ತಿರುತ್ತದೆ. ಒಂದನ್ನೊಂದು ಹೊಡೆದು ಹಾಕುತ್ತವೆ. ಅಲ್ಲಿನ ಮೆಕ್ಯಾನಿಕ್ಕುಗಳು ಇದನ್ನು ಮುಖ್ಯ ಪೈಪಿಗೆ ಸಮಾನಾಂತರವಾಗಿ ಬಗ್ಗಿಸಿ ಕೂರಿಸುತ್ತಾರೆ, ಇಂಗ್ಲಿಷಿನ ಜೆ ಅಕ್ಷರದ ಆಕಾರ ಬರುತ್ತದೆ. ಅದಕ್ಕೇ ಜೆ-ಪೈಪ್ ಅನ್ನೋ ಹೆಸರು.

ಉದ್ದ ಎಷ್ಟು? ಸದ್ದಿನ ವೇಗವನ್ನು ಶ್ರುತಿಯ ನಾಲ್ಕು ಪಟ್ಟಿನಿಂದ ಭಾಗಿಸಬೇಕು. ಸೂತ್ರ ಸುಲಭ, ತೊಂದರೆ ಇರುವುದು ವೇಗದಲ್ಲಿ. ಹೊರಗಿನ ಗಾಳಿಯ 343 ಹಾಕಿದರೆ 120 ಹರ್ಟ್ಸ್‌ಗೆ 71 ಸೆಂಟಿಮೀಟರ್ ಬರುತ್ತದೆ. ಮುಖ್ಯ ಪೈಪಿನ ಬಿಸಿ ಹೊಗೆಯ 480 ಹಾಕಿದರೆ ಒಂದು ಮೀಟರ್. ಎರಡೂ ಸರಿಯಲ್ಲ. ಕವಲಿನಲ್ಲಿ ಹೊಗೆ ಹರಿಯದೆ ನಿಂತಿರುವುದರಿಂದ ಅದು ಮುಖ್ಯ ಪೈಪಿಗಿಂತ ತಣ್ಣಗಿರುತ್ತದೆ. ಒಳಗೆ 100ರಿಂದ 150 ಡಿಗ್ರಿ ಅಂದುಕೊಂಡರೆ ಸದ್ದಿನ ವೇಗ ಸೆಕೆಂಡಿಗೆ 400 ಮೀಟರ್ ಆಸುಪಾಸು. ಆಗ 83 ಸೆಂಟಿಮೀಟರ್. ಎಲ್ಲೋ ಓದಿದ ಉದ್ದವನ್ನು ಹಾಗೇ ಕತ್ತರಿಸಿ ಬೆಸೆದು ‘ಇದೆಲ್ಲ ಕೆಲಸ ಮಾಡಲ್ಲ’ ಅನ್ನುವವರಲ್ಲಿ ಬಹಳ ಜನ ಎಡವುವುದು ಇಲ್ಲೇ.

ಅದಕ್ಕೆ ಜಾಣ ಬೆಸುಗೆಯವರು ಮೊದಲು ತುದಿಯನ್ನು ಬೆಸೆಯುವುದಿಲ್ಲ. ಒಂದರೊಳಗೊಂದು ಜಾರುವ ಎರಡು ತುಂಡು ಮಾಡಿ, ಕ್ಲಾಂಪ್ ಹಾಕಿ ಬಿಡುತ್ತಾರೆ. ರಸ್ತೆಯಲ್ಲಿ ಓಡಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಮೊರೆತ ಎಲ್ಲಿಗೆ ಸರಿದಿದೆ ಅಂತ ನೋಡುವುದು. ಹೆಚ್ಚಿನ ಆರ್‌ಪಿಎಂನಲ್ಲಿ ಇನ್ನೂ ಉಳಿದಿದ್ದರೆ ಕವಲನ್ನು ಸ್ವಲ್ಪ ಒಳಕ್ಕೆ ತಳ್ಳಿ ಗಿಡ್ಡ ಮಾಡುವುದು. ಕಡಿಮೆ ಆರ್‌ಪಿಎಂನಲ್ಲಿ ಉಳಿದಿದ್ದರೆ ಹೊರಕ್ಕೆಳೆದು ಉದ್ದ ಮಾಡುವುದು. ವಿ8ರಲ್ಲಿ ಪ್ರತಿ 100 ಆರ್‌ಪಿಎಂಗೆ ಶ್ರುತಿ ಆರೂವರೆ ಹರ್ಟ್ಸ್ ಚಿಲ್ಲರೆ ಬದಲಾಗುತ್ತದೆ. 83 ಸೆಂಟಿಮೀಟರಿನ ಕವಲಿನಲ್ಲಿ ಅದಕ್ಕೆ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಸರಿಸಬೇಕು.

ಕವಲು ಹಿಡಿಯುವುದು ಒಂದು ಸಣ್ಣ ಪಟ್ಟಿಯನ್ನು ಮಾತ್ರ, ಅದರ ಆಚೀಚೆ ಹಿಡಿತ ಬೇಗ ಸಡಿಲವಾಗುತ್ತದೆ. ಸಪೂರ ಪೈಪು ಹಾಕಿದರೆ ಪಟ್ಟಿ ಇನ್ನೂ ಕಿರಿದು. ಸಾಧ್ಯವಾದಷ್ಟು ಮುಖ್ಯ ಪೈಪಿನಷ್ಟೇ ದಪ್ಪ ಇರಲಿ. ಇದನ್ನು ನಾನು ಕೊರತೆ ಅನ್ನುವುದಿಲ್ಲ, ಇದೇ ಇದರ ಗುಣ. ಉಳಿದ ಆರ್‌ಪಿಎಂಗಳಲ್ಲಿ ನೀವು ಕಾಸು ಕೊಟ್ಟು ಹಾಕಿಸಿದ ಗುಡುಗು ಹಾಗೇ ಇರುತ್ತದೆ.

ಉದ್ದಕ್ಕಿಂತಲೂ ಜನ ಮರೆಯುವುದು ಜಾಗವನ್ನು. ಪೈಪಿನಲ್ಲಿ ಅಲೆ ಹಿಂದೆ ಮುಂದೆ ಬಡಿಯುತ್ತಾ ಕೆಲವು ಕಡೆ ಒತ್ತಡದ ಏರಿಳಿತ ಜೋರಾಗಿಯೂ ಕೆಲವು ಕಡೆ ಏನೂ ಇಲ್ಲದ ಹಾಗೂ ಆಗುತ್ತದೆ. ಹೊರಬಾಯಿಯ ಹತ್ತಿರ ಏರಿಳಿತ ಇರುವುದೇ ಇಲ್ಲ, ಅಲ್ಲಿ ಪೈಪು ಹೊರಗಿನ ಗಾಳಿಗೆ ತೆರೆದಿದೆ. ಜಾಗ ಇದೆ ಅಂತ ಬಂಪರಿನ ಪಕ್ಕ ಕವಲು ಹಾಕಿದರೆ ಅದಕ್ಕೆ ಕೆಲಸವೇ ಸಿಗುವುದಿಲ್ಲ. ಬಾಯಿಯಿಂದ ಅಲೆಯ ಕಾಲು ಭಾಗ ಒಳಕ್ಕೆ, ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಮೀಟರ್ ಮುಂದೆ, ಏರಿಳಿತ ಜೋರಾಗಿರುತ್ತದೆ. ಅಲ್ಲೇ ಕೂರಿಸಿ. ಸ್ಟೆಪ್ನಿ, ಬ್ರೇಕ್ ಲೈನ್, ಪೆಟ್ರೋಲ್ ಟ್ಯಾಂಕು, ವೈರಿಂಗ್ ಇವುಗಳಿಂದ ದೂರ ಇರಬೇಕು. ಕವಲು ಮುಖ್ಯ ಪೈಪಿಗಿಂತ ತಣ್ಣಗಿದ್ದರೂ ಕೈ ಸುಡುವಷ್ಟು ಬಿಸಿ ಇದ್ದೇ ಇರುತ್ತದೆ.

ಎಡ ಬಲ ಎರಡು ಬೇರೆ ಪೈಪುಗಳು ಕೊನೆವರೆಗೂ ಹೋಗುವ ಸೆಟ್ ಆದರೆ ಲೆಕ್ಕ ತುಸು ತೊಡಕು. ಸಿಲ್ವರಾಡೋ ಮಾಡುವ ಜನರಲ್ ಮೋಟರ್ಸ್ (ಜಿಎಂ) ಕಂಪನಿಯ ಈ ವಿ8ರಲ್ಲಿ ಫೈರಿಂಗ್ ಕ್ರಮ 1-8-7-2-6-5-4-3. ಬೆಸಸಂಖ್ಯೆಯವು ಒಂದು ಬದಿ, ಸಮಸಂಖ್ಯೆಯವು ಇನ್ನೊಂದು ಬದಿ. ಬರೆದುಕೊಂಡು ನೋಡಿ. 2ರ ಬೆನ್ನಿಗೇ 6, ಎರಡೂ ಒಂದೇ ಬದಿ. 3ರ ಬೆನ್ನಿಗೆ ಮತ್ತೆ 1, ಅವೂ ಒಂದೇ ಬದಿ. ಒಟ್ಟಾರೆ 90 ಡಿಗ್ರಿಗೊಂದು ಫೈರಿಂಗ್ ಸಮವಾಗಿ ಬಂದರೂ, ಒಂದೊಂದು ಬದಿಯಲ್ಲಿ ಅಂತರ 90, 180, 270 ಅಂತ ಹೆಚ್ಚುಕಡಿಮೆ ಆಗುತ್ತದೆ. ಆ ಗುಡುಗುಡು ಬರುವುದೇ ಇದರಿಂದ. ಅದರ ಜೊತೆಗೆ 120ಕ್ಕಿಂತ ತಗ್ಗಿನ ಶ್ರುತಿಗಳೂ ಬರುತ್ತವೆ, ಅವನ್ನು ಹಿಡಿಯಲು ಉದ್ದುದ್ದ ಕವಲು ಬೇಕು. ಎರಡೂ ಬದಿಯನ್ನು ಎಕ್ಸ್ ಆಕಾರದ ಜೋಡಣೆಯಿಂದ ಮೊದಲು ಬೆರೆಸಿದರೆ ಈ ತಗ್ಗು ಶ್ರುತಿಗಳು ಬಹಳಷ್ಟು ಇಳಿಯುತ್ತವೆ, ಹೊಗೆಗೂ ಅಡ್ಡಿಯಿಲ್ಲ. ಆಮೇಲೆ ಬದಿಗೊಂದು ಕವಲು ಹಾಕಬಹುದು.

ಜಾಗ ಇಲ್ಲದಿದ್ದರೆ ಡಬ್ಬಿ

ಉದ್ದ ಕವಲಿಗೆ ಜಾಗ ಸಿಗದಿದ್ದರೆ ಗಿಡ್ಡ ಕತ್ತಿನ ಮುಚ್ಚಿದ ಡಬ್ಬಿಯೊಂದನ್ನು ಮುಖ್ಯ ಪೈಪಿಗೆ ಬೆಸೆಯಬಹುದು. 19ನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಸದ್ದಿನಲ್ಲಿ ಯಾವ ಯಾವ ಶ್ರುತಿ ಇದೆ ಅಂತ ಹೆಕ್ಕಲು ಇಂಥ ಟೊಳ್ಳು ಗೋಳಗಳನ್ನು ಕಿವಿಗೆ ಹಿಡಿಯುತ್ತಿದ್ದ. ಕರ್ನಾಟಕ ಸಂಗೀತ ಕಛೇರಿಯಲ್ಲಿ ಘಟದವರನ್ನು ಗಮನಿಸಿದ್ದೀರಲ್ವಾ? ಬಾಯಿಯನ್ನು ಹೊಟ್ಟೆಗೆ ಒತ್ತಿ, ಬಿಟ್ಟು, ಗುಮ್ಮೆನ್ನುವ ನಾದವನ್ನು ಏರಿಳಿಸುತ್ತಾರೆ. ಈ ಡಬ್ಬಿಯದೂ ಅದೇ ಥರ. ಕತ್ತಿನೊಳಗಿನ ಗಾಳಿ ಭಾರದಂತೆ, ಹೊಟ್ಟೆಯೊಳಗಿನ ಗಾಳಿ ಸ್ಪ್ರಿಂಗಿನಂತೆ ವರ್ತಿಸಿ ಒಂದೇ ಶ್ರುತಿಗೆ ತೂಗುತ್ತದೆ.

ಐದು ಸೆಂಟಿಮೀಟರ್ ವ್ಯಾಸದ, ಲೆಕ್ಕಕ್ಕೆ ಹತ್ತು ಸೆಂಟಿಮೀಟರ್ ಉದ್ದದ ಕತ್ತು ಅಂದುಕೊಂಡರೆ 120 ಹರ್ಟ್ಸ್‌ಗೆ ಐದೂವರೆ ಲೀಟರ್ ಡಬ್ಬಿ ಸಾಕು. ಆದರೆ ಒಮ್ಮೆ ಬೆಸೆದ ಮೇಲೆ ಇದನ್ನು ಸರಿಸಿ ಹೊಂದಿಸುವುದು ಕಷ್ಟ. ಮನೆ ಹತ್ತಿರದ ಬೆಸುಗೆ ಅಂಗಡಿಯಲ್ಲಿ ಮಾಡಿಸುವುದಾದರೆ ನನ್ನ ಓಟು ಜೆ-ಪೈಪಿಗೇ.

ಎಂಟು ಸಿಲಿಂಡರ್ ನಾಲ್ಕಾದಾಗ

ಪೆಟ್ರೋಲ್ ಉಳಿಸಲು ಈ ಟ್ರಕ್ಕುಗಳು ಆರಾಮಾಗಿ ಓಡುವಾಗ ಕೆಲವು ಸಿಲಿಂಡರುಗಳನ್ನು ನಿಲ್ಲಿಸಿಬಿಡುತ್ತವೆ. 2007ರ ಸಿಲ್ವರಾಡೋದಲ್ಲಿ ಎಂಟು ನಾಲ್ಕಾಗುತ್ತಿತ್ತು. 2019ರಿಂದ ಬಂದ ವ್ಯವಸ್ಥೆಯಲ್ಲಿ 17 ಬಗೆಯ ಜೋಡಣೆ ಇದೆ. ನಾಲ್ಕೇ ಫೈರ್ ಆದಾಗ 1,800 ಆರ್‌ಪಿಎಂನ ಶ್ರುತಿ 120ರಿಂದ 60ಕ್ಕೆ ಬೀಳುತ್ತದೆ. ಅದಕ್ಕೆ ಕವಲು ಮಾಡಲು ಹೋದರೆ 1.67 ಮೀಟರ್ ಬೇಕು, ಡಬ್ಬಿ ಮಾಡಿದರೆ 22 ಲೀಟರ್. ಹೀಗಾಗಿ ಕೆಲವರು ಸಿಲಿಂಡರ್ ನಿಲ್ಲದಂತೆ ಮಾಡುವ ಸಣ್ಣ ಪ್ಲಗ್ ಒಂದನ್ನು ಒಬಿಡಿ ಪೋರ್ಟಿಗೆ (ಮೆಕ್ಯಾನಿಕ್ಕುಗಳು ಸ್ಕ್ಯಾನರ್ ಜೋಡಿಸುವ ಕಿಂಡಿ) ಸಿಕ್ಕಿಸಿಕೊಳ್ಳುತ್ತಾರೆ. ಮೈಲೇಜ್ ಸ್ವಲ್ಪ ಹೋಗುತ್ತದೆ. ಮೊರೆತ ಒಂದೇ ಶ್ರುತಿಯಲ್ಲಿ ಉಳಿಯುತ್ತದೆ, ಹಿಡಿಯಲು ಸುಲಭ.

ಕಂಪನಿಗಳು ಈ ತೊಂದರೆಗೆ ಬೇರೆ ದಾರಿ ಹಿಡಿದವು. ಒಂದು, ಪೈಪಿನೊಳಗೆ ಮಡಚುವ ಕವಾಟ. ನಿಧಾನ ಹೋಗುವಾಗ ಮುಚ್ಚಿರುತ್ತದೆ, ಪೂರ್ತಿ ತುಳಿದಾಗ ತೆರೆದುಕೊಳ್ಳುತ್ತದೆ. ಮೇಲೆ ಹೇಳಿದ ನೂರರಲ್ಲೊಂದು ಲೆಕ್ಕ ನೆನಪಿದ್ದರೆ, ಇದು ಎಷ್ಟು ಜಾಣ ಉಪಾಯ ಅಂತ ಗೊತ್ತಾಗುತ್ತದೆ. ಹೊರಗಿನ ಅಂಗಡಿಗಳಲ್ಲೂ ಇಂಥ ಕವಾಟ ಸಿಗುತ್ತದೆ, ಆದರೆ ಉಪ್ಪು ಹಾಕಿದ ಚಳಿಗಾಲದ ರಸ್ತೆಗಳಲ್ಲಿ ತುಕ್ಕು ಹಿಡಿದು ಸಿಕ್ಕಿಕೊಳ್ಳುವ ಭಯ ಇದ್ದೇ ಇದೆ. ಎರಡನೆಯದು ಸ್ಪೀಕರ್. ಚಾವಣಿಯಲ್ಲಿ ಮೈಕು ಇಟ್ಟು, ಮೊರೆತಕ್ಕೆ ತದ್ವಿರುದ್ಧ ಅಲೆಯನ್ನು ಸ್ಪೀಕರುಗಳಿಂದ ಹೊರಡಿಸುವುದು. 2019ರ ರಾಮ್ 1500 ಪಿಕಪ್ಪಿನಲ್ಲಿ ಇದರ ಜೊತೆಗೆ ಚಾಸಿಗೇ ಎದುರು ಕಂಪನ ಹುಟ್ಟಿಸುವ ಮಾಡ್ಯೂಲುಗಳನ್ನು ಕಟ್ಟಿದರು.

ಇಲ್ಲೊಂದು ಎಚ್ಚರ. ಸ್ಪೀಕರಿನ ಈ ವ್ಯವಸ್ಥೆಯನ್ನು ಕಂಪನಿಯ ಸೈಲೆನ್ಸರಿಗೆ ತಕ್ಕಂತೆ ಹೊಂದಿಸಿರುತ್ತಾರೆ. ನೀವು ಸೈಲೆನ್ಸರ್ ಬದಲಿಸಿದರೆ ಅದರ ಲೆಕ್ಕ ತಪ್ಪಿ, ತಾನೇ ಗುಂಯ್‌ಗುಟ್ಟಬಹುದು. ಪೈಪು ಕತ್ತರಿಸುವ ಮುನ್ನ ಅದನ್ನು ತಾತ್ಕಾಲಿಕವಾಗಿ ಬಂದ್ ಮಾಡಿ ಓಡಿಸಿ ನೋಡಿ.

ನಮ್ಮೂರಿನ ಪಿಕಪ್ಪುಗಳಿಗೆ, ಅಂದರೆ ಹೈಲಕ್ಸ್, ವಿ-ಕ್ರಾಸ್ ಥರದವಕ್ಕೆ, ಈ ಕಾಟ ಕಡಿಮೆ. ಅವು ಟರ್ಬೊ ಡೀಸೆಲ್. ಹೊಗೆಯ ದಾರಿಯಲ್ಲೇ ಟರ್ಬೊ ಕೂತಿರುವುದರಿಂದ ಫೈರಿಂಗಿನ ಏಟು ಅಲ್ಲೇ ಒಂದಷ್ಟು ಸವೆದುಹೋಗುತ್ತದೆ. ಮೇಲಾಗಿ ಇಲ್ಲಿ ಸೈಲೆನ್ಸರ್ ಬದಲಿಸಿದರೆ ಮೊರೆತಕ್ಕಿಂತ ಮೊದಲು ಪೊಲೀಸರು ಬರುತ್ತಾರೆ. ಹಿಡಿದ ಸೈಲೆನ್ಸರುಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವ ಫೋಟೋ ಪತ್ರಿಕೆಗಳಲ್ಲಿ ಆಗಾಗ ನೋಡಿರುತ್ತೀರಿ.

ಬೆಸೆಯುವ ಮುನ್ನ

ಖರ್ಚಿಲ್ಲದ ಎರಡು ಕೆಲಸ ಮೊದಲು ಮುಗಿಸಿ. ಟ್ರಕ್ಕಿನ ಕೆಳಗೆ ಮಲಗಿ ಪೈಪು ಎಲ್ಲಾದರೂ ಚಾಸಿಗೆ ತಾಗುತ್ತಿದೆಯಾ ನೋಡಿ. ತೂಗುಹಾಕಿದ ರಬ್ಬರುಗಳು ಒಣಗಿ ಗಟ್ಟಿಯಾಗಿದ್ದರೆ ಬದಲಿಸಿ. ಲೋಹಕ್ಕೆ ಲೋಹ ತಾಗಿದರೆ ಗಾಳಿಯಲ್ಲಿ ಬರುವುದಕ್ಕಿಂತ ಜಾಸ್ತಿ ಸದ್ದು ಚಾಸಿಯಿಂದಲೇ ಕ್ಯಾಬಿನ್ನಿಗೆ ಹತ್ತುತ್ತದೆ. ಇನ್ನೊಂದು, ಪೈಪಿನ ಬಾಯಿ ಎಲ್ಲಿದೆ ಅನ್ನುವುದು. ಹಿಂದಿನ ಚಕ್ರಕ್ಕಿಂತ ಮುಂದೆಯೇ ಕತ್ತರಿಸಿ ಬಿಟ್ಟಿದ್ದರೆ ಸದ್ದು ಸಾಮಾನು ತುಂಬುವ ತೊಟ್ಟಿಯ ತಳಕ್ಕೂ ಕ್ಯಾಬಿನ್ನಿನ ಬೆನ್ನಿಗೂ ಬಡಿಯುತ್ತದೆ. ಬಂಪರಿನ ಆಚೆಗೆ ಒಯ್ದರೆ ಅಷ್ಟರಲ್ಲೇ ಅರ್ಧ ಗೆದ್ದವರೂ ಇದ್ದಾರೆ. ಆದರೆ ಉದ್ದ ಬದಲಾದರೆ ಟೈಲ್‌ಪೈಪಿನ ಶ್ರುತಿಯೂ ಬದಲಾಗುತ್ತದೆ. ಕವಲಿನ ಲೆಕ್ಕ ಅದಾದ ಮೇಲೆ ಮಾಡಿ.

ಕವಲನ್ನು ಕೂರಿಸುವಾಗ ಮುಚ್ಚಿದ ತುದಿ ಮುಖ್ಯ ಪೈಪಿಗೆ ಬೆಸೆದ ತುದಿಗಿಂತ ತುಸು ಮೇಲಿರಲಿ. ಹೊಗೆಯಲ್ಲಿ ನೀರಾವಿ ಇರುತ್ತದೆ. ತಣ್ಣನೆಯ ಕವಲಿನಲ್ಲಿ ಅದು ನೀರಾಗಿ ನಿಲ್ಲುತ್ತದೆ, ಚಳಿಯ ಊರುಗಳಲ್ಲಿ ಹೆಪ್ಪುಗಟ್ಟುತ್ತದೆ. ನಿಂತ ನೀರಿನಷ್ಟು ಕವಲು ಗಿಡ್ಡವಾಗಿ ಶ್ರುತಿ ಸರಿಯುತ್ತದೆ, ತುಕ್ಕಂತೂ ಖಂಡಿತ. ಮೇಲಕ್ಕೆ ಕೂರಿಸಲು ಜಾಗವೇ ಇಲ್ಲ ಅಂದರೆ ತುದಿಯ ತಳದಲ್ಲಿ ಮೂರು ಮಿಲಿಮೀಟರಿನ ಒಂದು ತೂತು ಕೊರೆಸಿ. ಅಷ್ಟು ಸಣ್ಣ ತೂತಿನಿಂದ ಕವಲಿನ ಕೆಲಸಕ್ಕೆ ಧಕ್ಕೆಯಿಲ್ಲ, ನೀರು ಹನಿಹನಿಯಾಗಿ ಇಳಿದು ಹೋಗುತ್ತದೆ.